ಇಪ್ಪತ್ತೈದು ಸೆಂಟಿನ ಲಟ್ಟಣಿಗೆ

ಮರದ ಸೌಟುಗಳ ರಾಶಿಗೆ ಹಾಕಿದ ಆರ್ಡಿಸ್ ಟಾಲೆಫ್ಸನ್‌ಳ ಕೈ ಅಲ್ಲೇ ನಿಂತಿತು.

ಬೆರಳಿಗೆ ತಗುಲಿದ್ದು ಸೌಟಲ್ಲ. ದಪ್ಪಗೆ, ದುಂಡಗೆ, ಮೈತುಂಬ ಉದ್ದುದ್ದ ಗೀರುಗಳಿದ್ದ ಲಟ್ಟಣಿಗೆ. ಹೊರಗೆಳೆದು ನೋಡಿದಳು. ಒಂದು ಗೀರು ಮಧ್ಯದಲ್ಲಿ ಚಕ್ಕೆ ಎದ್ದಿತ್ತು.

ಅದೇ! ಲಿಂಡಾಲ್ ಊರಿನ ಮೊದಲ ಮನೆತನದವರು ನಾರ್ವೆಯಿಂದ ಹಡಗಿನಲ್ಲಿ ತಂದದ್ದು. ನೂರೈವತ್ತು ವರ್ಷ ಚರ್ಚಿನ ಅಡುಗೆಮನೆಯಲ್ಲಿ ಲೆಫ್ಸೆ ಎಂಬ ತೆಳ್ಳನೆಯ ಆಲೂಗಡ್ಡೆ ರೊಟ್ಟಿ ಲಟ್ಟಿಸಿದ್ದು. ಮೂರು ವಾರದ ಹಿಂದೆ, ವಸಂತದ ಊಟದ ದಿನ, ಬೀಗ ಹಾಕಿಡುವ ಬೀರುವಿನಿಂದ ಮಾಯವಾದದ್ದು!

ಆ ಬೀರುವಿನ ಕೀಲಿ ಇದ್ದದ್ದು ಒಬ್ಬಳ ಹತ್ತಿರ. ಇಪ್ಪತ್ತೆರಡು ವರ್ಷದಿಂದ ಚರ್ಚಿನ ಅಡುಗೆಮನೆ ನೋಡಿಕೊಂಡಿದ್ದ ಕೊರೀನ್ ಹೌಗ್ಡಾಲ್‌ಳ ಹತ್ತಿರ. ಲಟ್ಟಣಿಗೆ ಈಗ ಸಿಕ್ಕಿದ್ದು ಅದೇ ಕೊರೀನ್‌ಳ ಗ್ಯಾರೇಜಿನಲ್ಲಿ, ಮನೆಯ ಹಳೇ ಸಾಮಾನು ಮಾರುವ ಗ್ಯಾರೇಜ್ ಸೇಲ್ ಶುರುವಾಗಲು ಇಪ್ಪತ್ತು ನಿಮಿಷ ಇರುವಾಗ, 'ಯಾವುದಾದರೂ ಇಪ್ಪತ್ತೈದು ಸೆಂಟು' ಎಂಬ ಮೇಜಿನ ಮೇಲೆ.

"ಆರ್ಡಿಸ್! ಈ ಮನುಷ್ಯಂಗೆ ನೀನಾದ್ರೂ ಬುದ್ಧಿ ಹೇಳೇ!" ಎಂದು ಹೊರಗಿನಿಂದ ಕೊರೀನ್ ಕೂಗಿದಳು. "ಮುರಿದ ರೇಡಿಯೋನೂ ಮಾರಲ್ಲ ಅಂತಾನೆ!"

"ಅದು ಮುರಿದಿಲ್ಲ, ವಿಶ್ರಾಂತಿ ತಗೊಳ್ತಿದೆ" ಎಂದ ಅವಳ ಗಂಡ ಎಲ್ರಾಯ್.

ಆರ್ಡಿಸ್ ಸರಕ್ಕನೆ ಲಟ್ಟಣಿಗೆಯನ್ನು ಏಪ್ರನ್ನಿನ ಹಿಂದೆ ಅಡಗಿಸಿಕೊಂಡಳು. ಕೊರೀನ್‌ಗೆ ಹೇಳುವ ಹಾಗಿಲ್ಲ. ಅವಳ ಮುಖ ಕನ್ನಡಿ ಇದ್ದ ಹಾಗೆ, ಒಳಗಿನದೆಲ್ಲ ಹೊರಗೆ ಕಾಣುತ್ತದೆ. ಹೇಳಿದರೆ ಮೊದಲ ಗಿರಾಕಿ ಬರುವ ಮುಂಚೆಯೇ ಅತ್ತು ಊರಿಗೆಲ್ಲ ಸಾರಿಬಿಡುತ್ತಾಳೆ.

ನಾಳೆ ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಊಟ, ಊಟದ ಜತೆಗೆ ಹೆಂಗಸರ ಸಭೆ. ಲಟ್ಟಣಿಗೆ ಸಿಗದಿದ್ದರೆ ಕೊರೀನ್ ಕೀಲಿ ಒಪ್ಪಿಸಬೇಕು. "ಕೀಲಿ ಹೋದ್ಮೇಲೆ ಈ ಊರಲ್ಲಿ ಯಾವ ಮುಖ ಹೊತ್ಕೊಂಡು ಓಡಾಡ್ಲಿ? ಅರಿಜೋನಾದಲ್ಲಿ ಅಕ್ಕ ಇದಾಳೆ, ಅಲ್ಲಿಗೇ ಹೋಗ್ತೀನಿ" ಎಂದು ಹಟ ಹಿಡಿದಿದ್ದಳು. ಈ ಗ್ಯಾರೇಜ್ ಸೇಲ್ ಹೂಡಿದ್ದೇ ಅದಕ್ಕೆ, ಮನೆ ಅರ್ಧ ಖಾಲಿ ಮಾಡಲು. ಪಕ್ಕದ ಮನೆಯ ಆರ್ಡಿಸ್ ಕೈಜೋಡಿಸಿದ್ದಳು, ಒಲ್ಲದ ಮನಸ್ಸಿನಿಂದಲೇ. ನಲವತ್ತು ವರ್ಷದ ಗೆಳತಿ ಕಳ್ಳಿ ಅನ್ನಿಸಿಕೊಂಡು ಊರು ಬಿಟ್ಟು ಹೋಗುವುದೆಂದರೆ ಏನು ಸುಮ್ಮನೆ ಮಾತೇ?

ಲಟ್ಟಣಿಗೆಯನ್ನು ಮೂಗಿನ ಹತ್ತಿರ ತಂದಳು. ಕಾಫಿಯ ವಾಸನೆ. ಚರ್ಚಿನ ಅಡುಗೆಮನೆಯಲ್ಲಿ ಕಾಫಿ ವಾಸನೆ ಇಲ್ಲದ ವಸ್ತು ಯಾವುದಿದೆ ಎಂದುಕೊಂಡಳು.

ಆಮೇಲೆ ಕಂಡದ್ದು ಬೆಲೆಚೀಟಿ.

ಸೇಲಿನಲ್ಲಿ ಇಬ್ಬರ ಸಾಮಾನು ಇತ್ತು. ಕೊರೀನ್‌ಳದಕ್ಕೆ ಹಸಿರು ಗುಂಡುಚೀಟಿ, ಆರ್ಡಿಸ್‌ಳದಕ್ಕೆ ಹಳದಿ. ಇದರ ಮೇಲೆ ಎರಡೂ ಇಲ್ಲ. ಬಿಳಿ ಕಾಗದದ ಟೇಪಿನ ತುಂಡು, ಅದರ ಮೇಲೆ ಕಪ್ಪು ಶಾಯಿಯಲ್ಲಿ '25'. ಎರಡರ ಬಾಲದಲ್ಲಿ ಷೂ ಲೇಸಿನ ಕುಣಿಕೆ ಹಾಕಿದ ಹಾಗೆ ಒಂದು ಸುತ್ತು. ಐದರ ಟೊಪ್ಪಿಗೆ ಮೈಯಿಂದ ಬೇರೆಯಾಗಿ ಗಾಳಿಗೆ ಹಾರಿದ ಹಾಗೆ.

ಆರ್ಡಿಸ್‌ಳ ಕಣ್ಣು ಮಿನುಗಿತು. ಮೂವತ್ತೊಂದು ವರ್ಷ ಊರಿಗೆ ಅಂಚೆ ಹಂಚಿದವಳು ಅವಳು. ಲಕೋಟೆಯ ಮೇಲಿನ ಅಕ್ಷರ ನೋಡಿ ಬರೆದವರ ಹೆಸರು ಮಾತ್ರವಲ್ಲ, ಅವತ್ತು ಅವರ ಮೂಡು ಹೇಗಿತ್ತು ಎಂದೂ ಹೇಳಬಲ್ಲಳು. ಆದರೆ ಈ ಎರಡು, ಈ ಐದು... ಯಾವ ಲಕೋಟೆಯ ಮೇಲೂ ಬಂದದ್ದಲ್ಲ.

ಅಂದರೆ ಈ ವಸ್ತು ಈ ಗ್ಯಾರೇಜಿನದಲ್ಲ. ಯಾರೋ ತಂದು ಇಟ್ಟಿದ್ದಾರೆ. ಗ್ಯಾರೇಜ್ ಸೇಲಿನಲ್ಲಿ ಸಾಮಾನು ಕದ್ದುಕೊಂಡು ಹೋಗುವವರನ್ನು ಕಂಡಿದ್ದಳು. ತಂದು ಇಟ್ಟು ಹೋಗುವವರನ್ನು ಇದೇ ಮೊದಲು ಕಾಣುತ್ತಿರುವುದು!

ಎಲ್ಲಿ ಬಚ್ಚಿಡುವುದು? ಗ್ಯಾರೇಜಿನ ಹಿಂಗೋಡೆಗೆ ಉದ್ದಕ್ಕೂ ಹೂವಿನ ಬೆಡ್‌ಶೀಟು ಕಟ್ಟಿತ್ತು. ಊರಿನ ರೂಢಿಯೇ ಹಾಗೆ. ಮಾರದ ಸಾಮಾನಿಗೆ ಬೆಡ್‌ಶೀಟು ಹೊದಿಸಬೇಕು, ಬೆಡ್‌ಶೀಟು ಹೊದಿಸಿದ್ದನ್ನು ಯಾರೂ ಎತ್ತಿ ನೋಡಬಾರದು. ಎಲ್ರಾಯ್ ತನ್ನ ಗಾಳ, ಗರಗಸ, ಮರ ಕಡೆಯುವ ಯಂತ್ರ, ಕೊನೆಗೆ ವಿಶ್ರಾಂತಿಯ ರೇಡಿಯೋ ಎಲ್ಲವನ್ನೂ ಅದರ ಹಿಂದೆ ಸೇರಿಸಿದ್ದ. ಆರ್ಡಿಸ್ ಬೆಡ್‌ಶೀಟಿನ ಅಂಚಿನಡಿ ಕೈ ತೂರಿಸಿ ಲಟ್ಟಣಿಗೆಯನ್ನು ನೆಲಕ್ಕೆ ಜಾರಿಬಿಟ್ಟಳು.

ತಿರುಗಿ ನೋಡಿದರೆ ಬಾಗಿಲಲ್ಲಿ ಟಾರ್ಚ್ ಹಿಡಿದು ಗುಡ್ರನ್ ಸ್ಕೋಗ್ಮೊ ನಿಂತಿದ್ದಳು.

ಹೆಂಗಸರ ಸಭೆಯ ಅಧ್ಯಕ್ಷೆ. ಕೊರೀನ್ ಕೀಲಿ ಒಪ್ಪಿಸಲಿ ಎಂದು ಮೊದಲು ಬಾಯಿ ತೆಗೆದವಳು. ಸೂರ್ಯ ಆಗಲೇ ಲೈಲಾಕ್ ಹೂವಿನ ಗಿಡದ ಮೇಲೆ ಏರಿದ್ದರೂ ಟಾರ್ಚ್ ಬಿಡದವಳು. ಊರಿನ ಯಾವ ಸೇಲಿಗೂ ಅರ್ಧ ಗಂಟೆ ಮೊದಲೇ ಹಾಜರು, ಐದು ಸೆಂಟಿನ ಗುಂಡಿಯನ್ನೂ ಮೂರಕ್ಕೆ ಕೇಳುವ ಹೆಂಗಸು.

"ಏಳಕ್ಕೆ ಶುರು ಅಂತ ಬೋರ್ಡ್ ಹಾಕಿದೀವಲ್ಲ ಗುಡ್ರನ್" ಎಂದಳು ಆರ್ಡಿಸ್.

"ಬೋರ್ಡ್ ಓದೋಕೇ ಬೇಗ ಬಂದೆ ಕಣ್ರೀ."

ಗುಡ್ರನ್ ಒಂದು ಸುತ್ತು ಹಾಕಿದಳು. "ವಾರದ ಟವೆಲ್ ಇದೆಯಾ? ಸೋಮವಾರ, ಮಂಗಳವಾರ ಅಂತ ಕಸೂತಿ ಹಾಕಿರ್ತಾರಲ್ಲ? ನನ್ನ ಸೆಟ್‌ನಲ್ಲಿ ಗುರುವಾರ ಎಲ್ಲೋ ಕಳೆದುಹೋಗಿದೆ. ಬುಧವಾರ ಆದ್ಮೇಲೆ ಪಾತ್ರೆ ಒರೆಸೋಕೇ ಮನಸ್ಸು ಬರಲ್ಲ."

"ಇಲ್ಲಮ್ಮ. ಗುರುವಾರಕ್ಕೆ ಶುಕ್ರವಾರದ್ದೇ ಹಾಕಿ, ದೇವರೇನೂ ಕೋಪ ಮಾಡ್ಕೊಳ್ಳಲ್ಲ."

ಗುಡ್ರನ್ ನಗಲಿಲ್ಲ. ಅವಳು ಇಪ್ಪತ್ತೈದು ಸೆಂಟಿನ ಮೇಜಿನ ಕಡೆ ಹೆಜ್ಜೆ ಹಾಕಿದಾಗ ಆರ್ಡಿಸ್‌ಳ ಕಣ್ಣು ಬೆಡ್‌ಶೀಟಿನ ಅಂಚಿಗೆ ಹೋಯಿತು. ಆದರೆ ಗುಡ್ರನ್ ಅಲ್ಲಿ ನಿಲ್ಲದೆ ಮುಂದೆ ಹೋಗಿ ಹಳದಿ ಚೀಟಿಯ ರೋಸ್ಟರ್ ಮುಂದೆ ನಿಂತಳು. ಹಂದಿಮಾಂಸ ಇಡಿಯಾಗಿ ಬೇಯಿಸುವ ಕರೆಂಟಿನ ದೊಡ್ಡ ಡಬ್ಬಿ ಅದು. ಚರ್ಚಿನ ವಸಂತದ ಊಟಕ್ಕೆ ಒಯ್ದು, ಅಲ್ಲಿಯೇ ಯಾರೋ ತೊಳೆದು ಮುಚ್ಚಳಕ್ಕೆ ಟೇಪು ಸುತ್ತಿ ಕಾರಿಗಿಟ್ಟದ್ದನ್ನು ಆರ್ಡಿಸ್ ತಂದು ನೆಲಮಾಳಿಗೆಗೆ ಹಾಕಿದ್ದಳು. ಇವತ್ತು ಹಾಗೆಯೇ ಎತ್ತಿಕೊಂಡು ಬಂದಿದ್ದಳು.

"ಎಷ್ಟು?"

"ಎಂಟು ಡಾಲರ್. ಕರೆಂಟ್ ಹಾಕಿ ತೋರಿಸ್ಲಾ?"

"ಬೇಡ ಬೇಡ. ನಾಳೆ ಊಟದ ಹ್ಯಾಮ್‌ಗೆ ಬೇಕಾಗಿತ್ತು." ಗುಡ್ರನ್ ಐದರದೊಂದು, ಒಂದರವು ಮೂರು ನೋಟು ಕೊಟ್ಟಳು. ಎತ್ತಿಕೊಂಡಾಗ ಒಳಗೆ ದಡಕ್ ಎಂದು ಏನೋ ಉರುಳಿತು.

"ಒಳಗಿನ ತಂತಿ ತಟ್ಟೆ ಇರ್ಬೇಕು" ಎಂದಳು ಆರ್ಡಿಸ್. ಅವಳ ಮನಸ್ಸೆಲ್ಲ ಬೆಡ್‌ಶೀಟಿನ ಮೇಲಿತ್ತು. ಹೋದರೆ ಸಾಕು ಎಂದು ರೋಸ್ಟರನ್ನು ಕಾರಿನವರೆಗೂ ತಾನೇ ಒಂದು ಕೈ ಹಿಡಿದು ಸಾಗಿಸಿಬಿಟ್ಟಳು.

ಏಳಾಯಿತು. ಮೂಲೆಮೂಲೆಗೆ ಬಾಣದ ಗುರುತಿನ ಬೋರ್ಡು, ಬಲೂನು ಕಟ್ಟಲು ಎಲ್ರಾಯ್ ಹೋಗಿದ್ದ. ಅವನು ವಾಪಸ್ ಬರುವ ಹೊತ್ತಿಗೆ ಬೀದಿಯ ಎರಡೂ ಬದಿ ಕಾರುಗಳು ನಿಂತಿದ್ದವು.

ಆರ್ಡಿಸ್ ತಾನು ಒಂದು ಸೇಲೂ ಮಾಡಿದವಳಲ್ಲ. ಆದರೆ ಅಂಚೆ ಚೀಲ ಹೊತ್ತು ಊರಿನ ಅಷ್ಟೂ ಸೇಲುಗಳನ್ನು ನೋಡಿದ್ದಳು. ಗಂಡಸರ ಸಾಮಾನು ರಸ್ತೆಯ ಬದಿಗಿರಬೇಕು, ಆಗ ಗಂಡ ಕಾರಿನಲ್ಲಿ ಕೂತು ಹಾರ್ನ್ ಹೊಡೆಯದೆ ಇಳಿದು ಬರುತ್ತಾನೆ. ಬಟ್ಟೆ ರಾಶಿ ಹಾಕಬಾರದು, ನೇತು ಹಾಕಬೇಕು. ಚಿಲ್ಲರೆ ಡಬ್ಬಿಯಲ್ಲಲ್ಲ, ಸೊಂಟದ ಚೀಲದಲ್ಲಿರಬೇಕು. ಎಲ್ಲದಕ್ಕೂ ಮೊದಲೇ ಬೆಲೆ ಬರೆದಿರಬೇಕು, ಯಾಕೆಂದರೆ ಈ ಊರಿನವರಿಗೆ 'ಇದಕ್ಕೆಷ್ಟು' ಎಂದು ಬಾಯಿಬಿಟ್ಟು ಕೇಳುವುದಕ್ಕಿಂತ ಬಿಟ್ಟುಹೋಗುವುದೇ ಸುಲಭ.

ಇವೆಲ್ಲ ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ಕೊರೀನ್.

"ಈ ಟೋಸ್ಟರ್ ಒಂದು ಕಡೆ ಸುಡುತ್ತೆ, ಇನ್ನೊಂದು ಕಡೆ ಹಸಿ ಬಿಡುತ್ತೆ" ಎಂದು ಕೊಳ್ಳಲು ಬಂದವರ ಕೈಯಿಂದಲೇ ಕಿತ್ತುಕೊಳ್ಳುತ್ತಿದ್ದಳು. "ಆ ಕುರ್ಚೀಲಿ ಕೂತು ನಮ್ಮ ಚಿಕ್ಕಪ್ಪ ತೀರ್ಕೊಂಡ. ಕುರ್ಚಿ ತಪ್ಪಲ್ಲ ಬಿಡಿ, ಆದ್ರೂ ಹೇಳ್ಬೇಕಲ್ಲ."

ಆರ್ಡಿಸ್ ಅವಳನ್ನು ಮೂಲೆಗೆ ಎಳೆದಳು. "ಅಮ್ಮಾ ತಾಯೀ, ನೀನು ಸಾಕ್ಷಿ ಹೇಳೋಕೆ ಬಂದಿದೀಯೋ, ಸಾಮಾನು ಮಾರೋಕೋ?"

"ಸುಳ್ಳು ಹೇಳ್ಲಾ? ಮೊದ್ಲೇ ಊರಿಗೆ ಕಳ್ಳಿ ಆಗಿದೀನಿ, ಸುಳ್ಳೀನೂ ಆಗ್ಲಾ?"

ಕೊರೀನ್‌ಳ ಕಣ್ಣು ತುಂಬಿಬಂದಿತ್ತು. ಆರ್ಡಿಸ್ ಅವಳ ಭುಜ ಸವರಿ, "ಸುಳ್ಳು ಬೇಡ ಕಣೇ. ಕೇಳಿದ್ರೆ ಹೇಳು, ಕೇಳದಿದ್ರೆ ನಗು. ಅಷ್ಟೇ ವ್ಯಾಪಾರ" ಎಂದಳು.

ಮತ್ತೆ ಇಪ್ಪತ್ತೈದರ ಮೇಜಿಗೆ ಬಂದಾಗ ಅವಳ ತಲೆ ಬೇರೆಯೇ ಲೆಕ್ಕದಲ್ಲಿತ್ತು. ಆ ಎರಡನ್ನೂ ಐದನ್ನೂ ಬರೆದ ಕೈ ಇವತ್ತು ಇಲ್ಲಿಗೆ ಬಂದೇ ಬರುತ್ತದೆ. ಇಟ್ಟದ್ದು ಏನಾಯಿತೆಂದು ನೋಡದೆ ಯಾರಿಗೆ ನಿದ್ದೆ ಬಂದೀತು? ಆದರೆ ಬಂದವರ ಕೈಗೆಲ್ಲ ಪೆನ್ನು ಕೊಟ್ಟು 'ಇಪ್ಪತ್ತೈದು ಬರೀರಿ' ಎನ್ನುವುದಾದರೂ ಹೇಗೆ?

ಕಣ್ಣಿಗೆ ಬಿದ್ದದ್ದು ಗುಂಡಿಗಳ ಗಾಜಿನ ಜಾಡಿ. ಕೊರೀನ್‌ಳ ಅಜ್ಜಿಯ ಕಾಲದಿಂದ ಕೂಡಿಟ್ಟ ಅಂಗಿ ಗುಂಡಿಗಳು.

ಐದು ನಿಮಿಷದಲ್ಲಿ ಜಾಡಿ ಬಾಗಿಲ ಹತ್ತಿರದ ಸ್ಟೂಲ್ ಏರಿತು. ಪಕ್ಕದಲ್ಲಿ ಪೆನ್ನು, ಚೀಟಿ, ಷೂ ಡಬ್ಬಿ. 'ಎಷ್ಟು ಗುಂಡಿ ಇವೆ, ಊಹಿಸಿ! ಹೆಸರು, ಫೋನ್ ನಂಬರ್ ಬರೆಯಿರಿ. ಗೆದ್ದವರಿಗೆ ಜಾಡಿ.'

ಲಿಂಡಾಲ್ ಊರಿನ ಫೋನ್ ನಂಬರುಗಳೆಲ್ಲ ಶುರುವಾಗುವುದೇ ಐದು, ಎರಡು, ಐದರಿಂದ!

ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಳ್ಳುವಷ್ಟು ಖುಷಿಯಾಯಿತು ಆರ್ಡಿಸ್‌ಳಿಗೆ. ಖುಷಿಗೆ ಇನ್ನೊಂದು ಕಾರಣವೂ ಇತ್ತು. ಪುಕ್ಕಟೆ ಜಾಡಿಯ ಆಸೆಗೆ ಜನ ನಿಂತರು, ನಿಂತವರು ಸುತ್ತ ಕಣ್ಣಾಡಿಸಿದರು, ಕಣ್ಣಾಡಿಸಿದವರು ಕೊಂಡರು. ಟೋಸ್ಟರ್ ಹೋಯಿತು. ಚಿಕ್ಕಪ್ಪ ತೀರಿಹೋದ ಕುರ್ಚಿಯನ್ನು, "ಅಷ್ಟು ಆರಾಮಾಗಿದ್ರೆ ನಂಗೇ ಇರಲಿ" ಎಂದು ಒಬ್ಬ ಮುದುಕ ತಲೆಯ ಮೇಲೆ ಹೊತ್ತುಕೊಂಡೇ ಹೋದ. ಕೊರೀನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂರು ವಾರದಲ್ಲಿ ಅದೇ ಮೊದಲ ನಗು.

ಹನ್ನೆರಡಕ್ಕೆ ನಲವತ್ತು ಚೀಟಿಗಳಾಗಿದ್ದವು. ಆರ್ಡಿಸ್ ಲೆಮನೇಡ್ ಕುಡಿಯುವ ನೆಪದಲ್ಲಿ ಒಂದೊಂದನ್ನೇ ತಿರುವಿದಳು. ಬಾತುಕೋಳಿಯಂಥ ಎರಡು, ಕೊಕ್ಕೆಯಂಥ ಎರಡು, ಮುರಿದ ಬೆನ್ನಿನ ಎರಡು. ಕುಣಿಕೆಯ ಎರಡು ಮಾತ್ರ ಒಂದೂ ಇಲ್ಲ.

ಆ ಹೊತ್ತಿಗೆ ಗುಡ್ರನ್ ಮತ್ತೆ ಬಂದಳು. ಈ ಸಲ ನೇರ ಹಿಂಗೋಡೆಗೆ ಹೋಗಿ ಬೆಡ್‌ಶೀಟಿನ ಅಂಚಿಗೆ ಕೈ ಹಾಕಿದಳು.

"ಏನ್ರೀ ಅದು!" ಆರ್ಡಿಸ್ ಎರಡೇ ಹೆಜ್ಜೆಯಲ್ಲಿ ಅಡ್ಡ ನಿಂತಳು.

"ಚರ್ಚಿನ ಸಾಮಾನೇನಾದ್ರೂ ತಪ್ಪಿ ಬಂದಿದೆಯಾ ಅಂತ ನೋಡ್ಬೇಕು. ಮನೆ ಖಾಲಿ ಮಾಡ್ತಿದಾರೆ. ಅಧ್ಯಕ್ಷೆಯಾಗಿ ನನ್ನ ಕರ್ತವ್ಯ."

"ಕರ್ತವ್ಯ ಚರ್ಚಿನಲ್ಲಿ ಮಾಡಿ. ಇದು ಬೆಡ್‌ಶೀಟು."

"ಅದಕ್ಕೇನೀಗ?"

"ಅದಕ್ಕೇನೀಗಾ?" ಆರ್ಡಿಸ್ ದನಿ ಏರಿಸಿದಳು. ಮೇಜುಗಳ ಮೇಲಿನ ಕೈಗಳೆಲ್ಲ ನಿಂತವು. "ಮೂವತ್ತೊಂದು ವರ್ಷ ಈ ಊರಿನ ಬೀದಿ ಬೀದಿ ಅಲೆದಿದೀನಿ. ನೆರೆಯವರ ಜತೆ ಮಾತು ಬಿಟ್ಟೋರನ್ನ ನೋಡಿದೀನಿ, ಬೇಲಿಗೆ ಕೋರ್ಟಿಗೆ ಹೋದೋರನ್ನ ನೋಡಿದೀನಿ. ಇನ್ನೊಬ್ಬರ ಗ್ಯಾರೇಜಲ್ಲಿ ಬೆಡ್‌ಶೀಟು ಎತ್ತಿದೋರನ್ನ ಇವತ್ತಿನವರೆಗೂ ನೋಡಿಲ್ಲ. ನೀವೇ ಮೊದಲನೆಯವರಾಗ್ತೀರಾ? ಆಗಿ. ಎತ್ತಿ. ಎಲ್ಲರೂ ನೋಡ್ತಿದಾರೆ."

ಬೆಡ್‌ಶೀಟಿನ ಅಂಚಿಗೂ ಲಟ್ಟಣಿಗೆಗೂ ನಡುವೆ ಒಂದು ಗೇಣು ಜಾಗವಿಲ್ಲ.

ಗುಡ್ರನ್ ಸುತ್ತ ನೋಡಿದಳು. ಯಾರೂ ಮಾತಾಡಲಿಲ್ಲ. ಆ ಊರಿನಲ್ಲಿ ಜನ ಮಾತಾಡದಿದ್ದರೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅವಳ ಕೈ ನಿಧಾನಕ್ಕೆ ಕೆಳಗಿಳಿಯಿತು.

"ನಿಮ್ಮ ಗೆಳತೀನ ಎಷ್ಟು ದಿನ ಕಾಯ್ತೀರಿ ಆರ್ಡಿಸ್?"

"ನನ್ನ ಕಾಲಲ್ಲಿ ಶಕ್ತಿ ಇರೋವರೆಗೂ. ಬಂದಿದ್ದೀರಿ, ಒಂದು ಊಹೆ ಬರೆದು ಹೋಗಿ. ಜಾಡಿ ಚೆನ್ನಾಗಿದೆ."

ಗುಡ್ರನ್ ಸಿಟ್ಟಿನಿಂದಲೇ ಚೀಟಿ ಗೀಚಿದಳು. ಪುಕ್ಕಟೆ ಸಿಗುವುದನ್ನು ಬಿಡುವ ಜಾಯಮಾನ ಅವಳದಲ್ಲ. ಹೋಗುತ್ತ ಬಾಗಿಲಲ್ಲಿ ತಿರುಗಿದಳು. "ನಾಳೆ ಊಟದ ಹೊತ್ತಿಗೆ ಎಲ್ಲಾ ಮುಚ್ಚಳಾನೂ ತೆರೆಯುತ್ತೆ ಬಿಡಿ."

ಆರ್ಡಿಸ್ ಚೀಟಿ ನೋಡಿದಳು. ಗುಡ್ರನ್‌ಳ ಎರಡು ಈಟಿಯ ಹಾಗೆ ನೆಟ್ಟಗಿತ್ತು. ಅಂದರೆ ಟೇಪಿನ ಮೇಲೆ ಬರೆದ ಕೈ ಇದಲ್ಲ! ಅವಳಿಗೆ ಗುಡ್ರನ್ ಮೇಲೆಯೇ ಅನುಮಾನವಿತ್ತು. ನಿರಾಸೆಯಲ್ಲಿ ಚೀಟಿ ಮಡಚಿ ಸೊಂಟದ ಚೀಲಕ್ಕೆ ತುರುಕಿದಳು.

ಎರಡು ಗಂಟೆಗೆ ಎಲ್ಲಕ್ಕೂ ಅರ್ಧ ಬೆಲೆ ಎಂದು ಬರೆದರು. ಎರಡೂವರೆಗೆ, ಒಂದು ಚೀಲ ತುಂಬಿಸಿಕೊಂಡರೆ ಒಂದು ಡಾಲರ್. ಕೊರೀನ್ ಆಗಲೇ ಪಳಗಿದ್ದಳು. "ಬನ್ನಿ ಬನ್ನಿ, ಇದು ಎರಡೂ ಕಡೆ ಸುಡುತ್ತೆ!" ಎಂದು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಕೂಗುತ್ತಿದ್ದಳು. ಮೂರಕ್ಕೆ ಗ್ಯಾರೇಜ್ ಬೋಳಾಗಿತ್ತು. ಉಳಿದದ್ದು ಎರಡು ಚಮಚ, ಒಂದು ಕುಂಟು ದೀಪ.

ಕೊರೀನ್ ಖಾಲಿ ಮೇಜಿನ ಮೇಲೆ ಕೂತು ಕಾಲು ಆಡಿಸಿದಳು. "ಇವತ್ತು ಎಷ್ಟು ಜನ ಬಂದ್ರು ನೋಡೇ. ಯಾರೂ ಮುಖ ತಿರುಗಿಸ್ಲಿಲ್ಲ. ಅಂಚೆಕಚೇರಿ ಬೀದಿಯೋಳು ನನ್ನನ್ನ ತಬ್ಬಿಕೊಂಡ್ಲು." ಕಾಲು ಆಡಿಸುವುದನ್ನು ನಿಲ್ಲಿಸಿ, "ಆರ್ಡಿಸ್, ನಂಗೆ ಅರಿಜೋನಾ ಬೇಡ ಕಣೇ. ಅಲ್ಲಿ ಲೈಲಾಕೇ ಬೆಳೆಯಲ್ವಂತೆ" ಎಂದಳು.

ಒಳಗೆ ಫೋನ್ ಬಡಿದುಕೊಂಡಿತು. ಕೊರೀನ್ ಓಡಿದಳು.

ಆರ್ಡಿಸ್ ನೇರ ಹಿಂಗೋಡೆಗೆ ಹೋದಳು. ಲಟ್ಟಣಿಗೆಯನ್ನು ತನ್ನ ಮನೆಗೆ ಒಯ್ದು, ಕೂತು ಯೋಚಿಸಬೇಕು. ಅಂಚಿನಡಿ ಕೈ ಹಾಕಿದರೆ ಸಿಗಲಿಲ್ಲ. ಇನ್ನಷ್ಟು ಒಳಗೆ ಉರುಳಿರಬೇಕು. ಸುತ್ತ ನೋಡಿದಳು. ಯಾರೂ ಇಲ್ಲ. ತಾನು ಹನ್ನೆರಡು ಗಂಟೆಗೆ ಊರ ಮುಂದೆ ಬಡಾಯಿ ಕೊಚ್ಚಿದ್ದನ್ನು ನೆನೆದು ನಾಚಿಕೆಪಡುತ್ತಲೇ ಬೆಡ್‌ಶೀಟು ಎತ್ತಿದಳು.

ಲಟ್ಟಣಿಗೆ ಕಡೆಯುವ ಯಂತ್ರದ ಕಾಲಿನ ಹತ್ತಿರ ಬಿದ್ದಿತ್ತು. ಆದರೆ ಆರ್ಡಿಸ್ ಅದನ್ನು ಎತ್ತಿಕೊಳ್ಳಲಿಲ್ಲ.

ಅವಳ ಕಣ್ಣು ಮೇಲಿನ ಹಲಗೆಯ ಮೇಲಿತ್ತು. ಸಾಲಾಗಿ ಮೊಳೆಯ ಡಬ್ಬಿಗಳು. ಪ್ರತಿ ಡಬ್ಬಿಗೂ ಬಿಳಿ ಕಾಗದದ ಟೇಪು. ಅದರ ಮೇಲೆ ಕಪ್ಪು ಶಾಯಿಯಲ್ಲಿ ಮೊಳೆಯ ಅಳತೆ. '2'. '2½'. '5'. ಎರಡರ ಬಾಲದಲ್ಲಿ ಕುಣಿಕೆ, ಐದರ ಟೊಪ್ಪಿಗೆ ಗಾಳಿಗೆ.

ಈ ಮನೆಯಿಂದ ಹೊರಟ ಕಾಗದ, ಕ್ರಿಸ್‌ಮಸ್ ಕಾರ್ಡು ಎಲ್ಲವನ್ನೂ ನಲವತ್ತು ವರ್ಷದಿಂದ ಬರೆದವಳು ಕೊರೀನ್. ಗಂಡಸಿನ ಕೈ ಲಕೋಟೆ ಮುಟ್ಟಿದ್ದೇ ಇಲ್ಲ. ಮತ್ತೆ ಆರ್ಡಿಸ್‌ಳಿಗೆ ಗುರುತು ಸಿಗುವುದಾದರೂ ಹೇಗೆ?

"ಬೆಡ್‌ಶೀಟು ಎತ್ತಬಾರದು ಅಂತ ನೀನೇ ಹೇಳಿದ್ದೆ" ಎಂದಿತು ಹಿಂದಿನಿಂದ ಒಂದು ದನಿ.

ಎಲ್ರಾಯ್. ಎರಡೂ ಕೈಯಲ್ಲಿ ಒಂದೊಂದು ಲೆಮನೇಡ್ ಲೋಟ.

"ನೀನಾ!" ಆರ್ಡಿಸ್ ಲಟ್ಟಣಿಗೆ ಎತ್ತಿ ಅವನ ಮುಂದೆ ಹಿಡಿದಳು. "ಕಟ್ಕೊಂಡ ಹೆಂಡತಿ ಮೂರು ವಾರದಿಂದ ಅಳ್ತಿದ್ರೆ, ಕದ್ದು ಒಳಗಿಟ್ಕೊಂಡು ರೇಡಿಯೋ ವಿಶ್ರಾಂತಿ ಅಂತ ಹಾಸ್ಯ ಮಾಡ್ತಿದ್ದೀಯಾ?"

ಎಲ್ರಾಯ್‌ನ ಕಿವಿಯವರೆಗೂ ಕೆಂಪಾಯಿತು. "ಕದ್ದದ್ದಲ್ಲ. ಮಾಡಿದ್ದು."

"ಏನಂದೆ?"

"ನಾನೇ ಕಡೆದದ್ದು, ಈ ಯಂತ್ರದ ಮೇಲೆ. ಹಳೇದು ಕಾಣ್ಲಿ ಅಂತ ಎರಡು ರಾತ್ರಿ ಕಾಫಿಯಲ್ಲಿ ನೆನೆಸಿಟ್ಟಿದ್ದೆ."

ಆರ್ಡಿಸ್ ಲಟ್ಟಣಿಗೆ ಮೂಸಿದಳು. ಅಯ್ಯೋ ನನ್ನ ಮೂಗೇ!

"ಇಪ್ಪತ್ತೈದು ಸೆಂಟಿಗೆ ಊರ ಮುಂದೆ ಕದ್ದ ಮಾಲು ಯಾರಾದ್ರೂ ಇಡ್ತಾರಾ?" ಎಲ್ರಾಯ್ ತಲೆ ಕೆರೆದುಕೊಂಡ. "ಊಟದ ದಿನ ಪಾತ್ರೆ ಜತೆ ತಪ್ಪಿ ಮನೆಗೆ ಬಂದಿತ್ತು ಅಂತ ನಕ್ಕು ಸುಮ್ಮನಾಗ್ತಾರೆ ಅಂದ್ಕೊಂಡೆ. ಕೀಲಿ ಅವಳ ಹತ್ರಾನೇ ಇರುತ್ತೆ. ಅವಳು ಇಲ್ಲೇ ಇರ್ತಾಳೆ."

ಪಾಪದವನ ಬುದ್ಧಿ! ಆರ್ಡಿಸ್‌ಳಿಗೆ ನಗುವೋ ಅಳುವೋ ತಿಳಿಯಲಿಲ್ಲ. ಆದರೆ ಬೆರಳು ತಾನಾಗಿ ಗೀರಿನ ಚಕ್ಕೆಯ ಮೇಲೆ ನಿಂತಿತು.

"ಎಲ್ರಾಯ್. ನೀನು ಚರ್ಚಿನ ಅಡುಗೆಮನೆಗೆ ಕಾಲಿಟ್ಟೋನಲ್ಲ. ಈ ಚಕ್ಕೆ ಎಲ್ಲಿದೆ, ಎಷ್ಟಿದೆ ಅಂತ ನಿಂಗೆ ಹೇಗೆ ಗೊತ್ತು?"

ಎಲ್ರಾಯ್ ಲೋಟಗಳನ್ನು ಕೆಳಗಿಟ್ಟ. "ಅದನ್ನ ನೀನು ಕೇಳದಿದ್ರೆ ಸಾಕು ಅಂತಿದ್ದೆ. ಅಸಲೀದು ನನ್ನ ಮುಂದೇನೇ ಇತ್ತು, ಎರಡು ದಿನ. ನೋಡ್ಕೊಂಡು ಕಡೆದೆ, ಆಮೇಲೆ ಇದ್ದ ಜಾಗಕ್ಕೇ ಇಟ್ಟು, ಟೇಪು ಮೊದಲಿನ ಹಾಗೇ ಸುತ್ತಿಬಂದೆ. ನಾನು ಯಾರಿಗೂ ಹೇಳಲ್ಲ ಆರ್ಡಿಸ್. ನಿಂಗೆ ಏನೋ ಕಾರಣ ಇರುತ್ತೆ."

"ನಂಗಾ?"

"ನೀನು ತಂಗಿ ಮನೆಗೆ ಹೋದಾಗ ನಿನ್ನ ನೆಲಮಾಳಿಗೆ ಪಂಪ್ ರಿಪೇರಿ ಮಾಡಿದ್ನಲ್ಲ. ನೀರು ಹಿಡಿಯೋಕೆ ಪಾತ್ರೆ ಬೇಕಿತ್ತು. ಟೇಪು ಬಿಚ್ಚಿ ರೋಸ್ಟರ್ ಮುಚ್ಚಳ ತೆಗೆದೆ. ಒಳಗಿತ್ತು. ಕಸೂತಿ ಟವೆಲಲ್ಲಿ ಸುತ್ತಿ ಇಟ್ಟಿದ್ದೆ ನೀನು. 'ಗುರುವಾರ' ಅಂತ ಬರೆದಿತ್ತು."

ಆರ್ಡಿಸ್ ಬಣ್ಣದ ಡಬ್ಬಿಯ ಮೇಲೆ ಕುಸಿದು ಕೂತಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ!

"ನಾನು ಆ ಮುಚ್ಚಳ ತೆಗೆದೇ ಇಲ್ಲ ಎಲ್ರಾಯ್. ಕದಿಯೋಕೆ ನಂಗೇನು ಹುಚ್ಚಾ? ನಂಗೆ ಲೆಫ್ಸೆ ಲಟ್ಟಿಸೋಕೇ ಬರಲ್ಲ!"

ಎಲ್ರಾಯ್‌ನ ಮುಖ ಅರಳಿತು. "ಮತ್ತೆ ಇನ್ನೇನು! ನಡಿ, ನಿನ್ನ ನೆಲಮಾಳಿಗೆಯಿಂದ ತರೋಣ. ಯಾರಿಟ್ರು ಅಂತ ಆಮೇಲೆ ನೋಡೋಣ."

"ಅಲ್ಲಿಲ್ಲ. ಬೆಳಿಗ್ಗೆ ನೀನು ಬಲೂನು ಕಟ್ಟೋಕೆ ಹೋದಾಗ ಆ ರೋಸ್ಟರ್ ಮಾರಿಬಿಟ್ಟೆ. ಗುಡ್ರನ್‌ಗೆ. ಎಂಟು ಡಾಲರ್‌ಗೆ."

"ಎಂಟು ಹೇಳಿ ಕೊನೆಗೆ ಎಷ್ಟಕ್ಕೆ ಕೊಟ್ಟೆ?"

"ಎಂಟಕ್ಕೇ."

"ಚೌಕಾಸಿ ಮಾಡ್ಲಿಲ್ವಾ?" ಎಲ್ರಾಯ್‌ನ ದನಿ ಪಿಸುಗುಟ್ಟಿತು. "ಗುಡ್ರನ್ನಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕರೆಂಟ್ ಹಾಕಿ ತೋರಿಸಲಾ ಎಂದಾಗ ಬೇಡ ಬೇಡ ಎಂದದ್ದು, ಕಳೆದುಹೋದ ಗುರುವಾರದ ಟವೆಲು, ದಡಕ್ ಎಂದು ಉರುಳಿದ ಸದ್ದು, ಎಲ್ಲವೂ ಆರ್ಡಿಸ್‌ಳ ತಲೆಯಲ್ಲಿ ಒಟ್ಟಿಗೇ ಬಂದು ನಿಂತವು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ದಢಾರನೆ ತೆರೆಯಿತು. ಕೊರೀನ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಮುಖದ ತುಂಬ ನಗು.

"ಗುಡ್ರನ್ ಫೋನ್ ಕಣೇ! ಕೊನೆಗೂ ಅವಳ ಕೋಪ ಇಳೀತು ನೋಡು. ನಾಳೆ ಹ್ಯಾಮ್ ಬಡಿಸೋಳು ನಾನೇ ಅಂತೆ. ನಮ್ಮ ಗ್ಯಾರೇಜಿಂದ ಒಯ್ದ ರೋಸ್ಟರ್‌ನ ಹಾಗೇ ಟೇಪು ಸುತ್ತಿ ತರ್ತಾಳಂತೆ, ಊರಿನವರೆಲ್ಲ ಕೂತ ಮೇಲೆ ಮುಚ್ಚಳ ನಾನೇ ನನ್ನ ಕೈಯಾರೆ ತೆಗೀಬೇಕಂತೆ!"